ಹಿಡಿದ ಚೆಂಡಿನ ಲೆಕ್ಕ

ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯದಲ್ಲಿ ಕ್ಯಾಂಟನ್ ಎಂಬ ಊರಿದೆ. ಆ ದೇಶದ ವೃತ್ತಿಪರ ಫುಟ್‌ಬಾಲ್ ಸಂಘವು 1920ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ಹೆಸರಾಂತ ಆಟಗಾರರನ್ನು ಗೌರವಿಸುವ ಸಲುವಾಗಿ 1963ರಲ್ಲಿ ಅಲ್ಲೊಂದು ಕೀರ್ತಿಭವನವನ್ನು ತೆರೆಯಲಾಯಿತು. ಅದರಲ್ಲಿ ಸ್ಥಾನ ದೊರೆಯಿತೆಂದರೆ ಆಟಗಾರನ ಬಾಳಿನ ದುಡಿಮೆಗೆ ಮುದ್ರೆ ಬಿದ್ದಂತೆಯೇ ಸರಿ. 2021ರ ಆಗಸ್ಟ್ ತಿಂಗಳಲ್ಲಿ ಆ ಗೌರವವನ್ನು ಪಡೆದವರಲ್ಲಿ ಇಬ್ಬರು ಒಂದೇ ಕಸುಬಿನವರಾಗಿದ್ದರು. ಒಬ್ಬರು ಎಪ್ಪತ್ತು ವರ್ಷದ ಡ್ರೂ ಪಿಯರ್ಸನ್. ಮತ್ತೊಬ್ಬರು ಅವರ ಅರ್ಧ ವಯಸ್ಸಿನ ಕ್ಯಾಲ್ವಿನ್ ಜಾನ್ಸನ್. ತಮ್ಮ ತಂಡದವನು ಎಸೆದ ಚೆಂಡನ್ನು ಓಡುತ್ತ ಓಡುತ್ತ ಹಿಡಿಯುವುದೇ ಇಬ್ಬರ ಕೆಲಸವಾಗಿತ್ತು. 1977ರಲ್ಲಿ ಪಿಯರ್ಸನ್ ಚೆಂಡು ಹಿಡಿದು ಗಳಿಸಿದ್ದು 870 ಗಜ. 2012ರಲ್ಲಿ ಜಾನ್ಸನ್ ಗಳಿಸಿದ್ದು 1,964 ಗಜ. ಈ ಎರಡು ಅಂಕಿಗಳನ್ನು ಮಾತ್ರ ಕಂಡವನು ಮೊದಲನೆಯವರನ್ನು ಸಾಧಾರಣ ಆಟಗಾರರೆಂದೇ ತಿಳಿದಾನು. ಆದರೆ 1977ರಲ್ಲಿ ಇಡೀ ಲೀಗಿನಲ್ಲಿ ಅತಿ ಹೆಚ್ಚು ಗಜಗಳನ್ನು ಗಳಿಸಿದವರು ಆ ಪಿಯರ್ಸನ್ ಅವರೇ!

ಇದು ಹೇಗೆಂದು ತಿಳಿಯಬೇಕಾದರೆ ಆಟದ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ಆಟ. ಅಮೆರಿಕದ ಫುಟ್‌ಬಾಲ್ ಬೇರೆ. ಅಲ್ಲಿ ಚೆಂಡು ಎರಡೂ ತುದಿಯಲ್ಲಿ ಚೂಪಾಗಿರುತ್ತದೆ. ಅದು ಹೆಚ್ಚು ಹೊತ್ತು ಕೈಯಲ್ಲಿಯೇ ಇರುತ್ತದೆ. ಒಂದೊಂದು ಪಕ್ಷಕ್ಕೆ ಹನ್ನೊಂದು ಜನ. ಎರಡು ಗುರಿಗೆರೆಗಳ ನಡುವೆ ನೂರು ಗಜದ ನೆಲ. ಚೆಂಡುಳ್ಳ ಪಕ್ಷಕ್ಕೆ ನಾಲ್ಕು ಯತ್ನಗಳನ್ನು ಕೊಡುತ್ತಾರೆ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ; ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಗುರಿಗೆರೆಯನ್ನು ಚೆಂಡಿನೊಡನೆ ದಾಟುವುದಕ್ಕೆ ಟಚ್‌ಡೌನ್ ಎಂದು ಹೆಸರು. ಮುಂದೆ ಸಾಗಲು ಮುಖ್ಯವಾಗಿ ಎರಡು ದಾರಿ. ಚೆಂಡನ್ನು ಎದೆಗವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವುದು ಒಂದು. ಮುಂದಿರುವ ಸಂಗಡಿಗನಿಗೆ ಚೆಂಡನ್ನು ಎಸೆಯುವುದು ಮತ್ತೊಂದು. ಎಸೆಯುವವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಸಾಲಿನ ಅಂಚಿನಲ್ಲಿ ನಿಂತು, ಮುನ್ನುಗ್ಗಿ ಓಡಿ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಅನುಕೂಲಕ್ಕಾಗಿ ಮೊದಲನೆಯವನನ್ನು ಎಸೆಗಾರನೆಂದೂ ಎರಡನೆಯವನನ್ನು ಹಿಡಿತಗಾರನೆಂದೂ ಕರೆಯಬಹುದು. ಯತ್ನ ಆರಂಭವಾದ ಗೆರೆಯಿಂದ ಹಿಡಿತಗಾರನು ಕೆಡಹಲ್ಪಟ್ಟ ಸ್ಥಳದವರೆಗಿನ ದೂರವನ್ನು ಅವನ ಹೆಸರಿಗೆ ಜಮೆ ಮಾಡುತ್ತಾರೆ.

ಹಾಗಾದರೆ ಈ ಗಜಗಳು ಅವನೊಬ್ಬನ ಸಂಪಾದನೆಯೆ? ಒಂದು ಕೈಯಿಂದ ಚಪ್ಪಾಳೆಯಾಗದು. ತಂಡವು ಎಷ್ಟು ಸಲ ಎಸೆಯಿತು, ಅದರಲ್ಲಿ ಎಷ್ಟು ಎಸೆತ ಅವನ ಪಾಲಿಗೆ ಬಂತು, ಬಂದದ್ದರಲ್ಲಿ ಎಷ್ಟು ಕೈಗೆ ದಕ್ಕಿತು, ದಕ್ಕಿದ ಒಂದೊಂದೂ ಎಷ್ಟು ದೂರ ಸಾಗಿತು, ಇವೆಲ್ಲ ಗುಣಿಸಿಕೊಂಡು ಕೊನೆಯ ಅಂಕಿ ಮೂಡುತ್ತದೆ. ಇವುಗಳಲ್ಲಿ ಮೊದಲನೆಯದು ಅವನ ಕೈಯಲ್ಲಿಲ್ಲ. ಅದು ಆ ಕಾಲದ ನಿಯಮ, ತಂಡದ ನೀತಿ, ಪಂದ್ಯದ ಸ್ಥಿತಿ ಇವುಗಳನ್ನು ಅವಲಂಬಿಸಿದೆ.

ಮೊದಮೊದಲು ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿಯೇ ಇರಲಿಲ್ಲ. ಇಡೀ ಪಂದ್ಯವು ಮೈಗೆ ಮೈ ತಾಕಿಸುವ ನೂಕುನುಗ್ಗಲಾಗಿತ್ತು. ಎಳೆಯ ವಯಸ್ಸಿನ ಕಾಲೇಜು ವಿದ್ಯಾರ್ಥಿಗಳು ಆಟದ ಬಯಲಿನಲ್ಲಿಯೇ ಪ್ರಾಣ ಕಳೆದುಕೊಂಡದ್ದುಂಟು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಈ ಕ್ರೌರ್ಯವನ್ನು ತಗ್ಗಿಸಬೇಕೆಂದು ಒತ್ತಾಯಿಸಿದರು. ಮರುವರ್ಷ, ಎಂದರೆ 1906ರಲ್ಲಿ, ಮುಂದಕ್ಕೆ ಎಸೆಯುವುದು ನಿಯಮಬದ್ಧವಾಯಿತು. ಆಟಗಾರರು ಒಂದೆಡೆ ಗುಂಪುಗೂಡದೆ ಬಯಲಿನಲ್ಲಿ ಚದುರಲಿ ಎಂಬುದು ಉದ್ದೇಶ. ಆದರೂ ಆರಂಭದಲ್ಲಿ ಯಾರ ಕೈಗೂ ತಾಕದೆ ಚೆಂಡು ನೆಲಕ್ಕೆ ಬಿದ್ದರೆ ಅದು ಎದುರಾಳಿಗೆ ಸೇರುತ್ತಿತ್ತು. ಇಂಥ ದಂಡವಿರುವಾಗ ಎಸೆಯುವ ಧೈರ್ಯ ಯಾರಿಗೆ ಬಂದೀತು? 1933ರವರೆಗೆ ವೃತ್ತಿಪರ ಆಟದಲ್ಲಿಯೂ ಎಸೆಗಾರನು ಗೆರೆಯಿಂದ ಐದು ಗಜ ಹಿಂದೆ ನಿಂತೇ ಎಸೆಯಬೇಕಾಗಿತ್ತು. ಆ ವರ್ಷ ಗೆರೆಯ ಹಿಂದೆ ಎಲ್ಲಿಂದಲಾದರೂ ಎಸೆಯಲು ಅವಕಾಶವಾಯಿತು.

ಎರಡು ವರ್ಷಗಳ ಬಳಿಕ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಡಾನ್ ಹಟ್ಸನ್ ಎಂಬ ತರುಣ ಬಂದು ಸೇರಿದರು. 1942ರಲ್ಲಿ ಅವರು ಹನ್ನೊಂದು ಪಂದ್ಯಗಳಲ್ಲಿ 74 ಚೆಂಡುಗಳನ್ನು ಹಿಡಿದು 1,211 ಗಜ ಗಳಿಸಿದರು. ಇಂದಿನ ಕಣ್ಣಿಗೆ 74 ಎಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಅದೇ ವರ್ಷ ಲೀಗಿನಲ್ಲಿ ಎರಡನೆಯ ಸ್ಥಾನದಲ್ಲಿದ್ದವನು ಹಿಡಿದದ್ದು ಬರಿಯ 27! ನಂತರದ ಕಾಲದ ಯಾವ ಹಿಡಿತಗಾರನೂ ತನ್ನ ಸಮಕಾಲೀನರಿಗಿಂತ ಇಷ್ಟು ಎತ್ತರದಲ್ಲಿ ನಿಂತದ್ದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಹಟ್ಸನ್ ಒಟ್ಟು 99 ಟಚ್‌ಡೌನ್ ಹಿಡಿತಗಳನ್ನು ಬಿಟ್ಟುಹೋದರು. ಅದನ್ನು ಸ್ಟೀವ್ ಲಾರ್ಜೆಂಟ್ ದಾಟಿದ್ದು 1989ರಲ್ಲಿ.

1970ರ ದಶಕಕ್ಕೆ ಬರುವ ವೇಳೆಗೆ ತೂಕ ರಕ್ಷಣೆಯ ಕಡೆಗೆ ವಾಲಿತ್ತು. ಓಡಿ ಹೋಗುವ ಹಿಡಿತಗಾರನನ್ನು ತಡೆದು, ತಳ್ಳಿ, ದಾರಿ ತಪ್ಪಿಸಲು ರಕ್ಷಕರಿಗೆ ಸಾಕಷ್ಟು ಸ್ವಾತಂತ್ರ್ಯವಿತ್ತು. 1977ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ 17 ಅಂಕಗಳನ್ನಷ್ಟೇ ಗಳಿಸಿತು. 1942ರಿಂದೀಚೆಗೆ ಅಷ್ಟು ಕೆಳಗಿಳಿದದ್ದಿರಲಿಲ್ಲ. ಎಸೆತದಿಂದ ದೊರೆತದ್ದು ಪಂದ್ಯಕ್ಕೆ ಸುಮಾರು 140 ಗಜ. ಎಸೆದ ನೂರು ಚೆಂಡುಗಳಲ್ಲಿ ಕೈ ಸೇರುತ್ತಿದ್ದುದು ಐವತ್ತೊಂದು. ಪಿಯರ್ಸನ್ ಅಗ್ರಸ್ಥಾನ ಪಡೆದದ್ದು ಈ ಬರಗಾಲದಲ್ಲಿ.

ನೋಡುವವರಿಗೆ ಬೇಸರವಾದರೆ ಆಟಕ್ಕೆ ಉಳಿಗಾಲವಿಲ್ಲ. ಆದುದರಿಂದ 1978ರಲ್ಲಿ ಲೀಗು ನಿಯಮಗಳನ್ನು ತಿದ್ದಿತು. ಗೆರೆಯಿಂದ ಐದು ಗಜದಾಚೆಗೆ ರಕ್ಷಕನು ಹಿಡಿತಗಾರನ ಮೈಮುಟ್ಟಿ ತಡೆಯುವಂತಿಲ್ಲವೆಂದು ಗೊತ್ತುಮಾಡಿತು. ಎಸೆಗಾರನಿಗೆ ಕಾವಲು ನಿಲ್ಲುವವರು ಕೈಗಳನ್ನು ಚಾಚಿ ಎದುರಾಳಿಯನ್ನು ತಡೆಯಲು ಅನುಮತಿ ಕೊಟ್ಟಿತು. ಮೊದಲನೆಯದರಿಂದ ಹಿಡಿತಗಾರನ ದಾರಿ ಸುಗಮವಾಯಿತು. ಎರಡನೆಯದರಿಂದ ಎಸೆಗಾರನಿಗೆ ನೋಡಿ ಎಸೆಯಲು ಹೊತ್ತು ಸಿಕ್ಕಿತು. ಅದೇ ವರ್ಷ ಋತುವಿನ ಪಂದ್ಯಗಳ ಸಂಖ್ಯೆಯೂ ಹದಿನಾಲ್ಕರಿಂದ ಹದಿನಾರಕ್ಕೆ ಏರಿತು. 1979ರ ವೇಳೆಗೆ ಎಸೆತದ ಗಳಿಕೆ ಪಂದ್ಯಕ್ಕೆ ಸುಮಾರು 180 ಗಜವಾಗಿತ್ತು. ಆಟಗಾರರ ಕಾಲಿಗೆ ಒಮ್ಮೆಲೇ ಹೊಸ ಬಲ ಬಂದಿತೆ? ಇಲ್ಲ, ಬದಲಾದದ್ದು ಕಾನೂನು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಂತೆ, ತೂರಿಕೊಳ್ಳಬಲ್ಲ ಸಮರ್ಥರು ತೂರಿಕೊಂಡರು.

ತೂರಿಕೊಂಡವರಲ್ಲಿ ಅಗ್ರಗಣ್ಯರು ಜೆರಿ ರೈಸ್. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಶಿಕ್ಷಕ ಬಿಲ್ ವಾಲ್ಷ್ ಅವರು ಓಟದ ಬದಲಿಗೆ ಸಣ್ಣ ಸಣ್ಣ ಎಸೆತಗಳಿಂದಲೇ ನೆಲವನ್ನು ಗೆಲ್ಲುವ ಕ್ರಮವನ್ನು ರೂಢಿಸಿದ್ದರು. 1985ರಿಂದ 2004ರವರೆಗೆ ಆಡಿದ ರೈಸ್ 1,549 ಚೆಂಡುಗಳನ್ನು ಹಿಡಿದು 22,895 ಗಜ ಗಳಿಸಿದರು. ಸಣ್ಣ ಎಸೆತ ಕೈತಪ್ಪುವುದು ಕಡಿಮೆ; ಆದುದರಿಂದ ಹಿಡಿತಗಳ ಸಂಖ್ಯೆ ಬೆಳೆಯಿತು, ಒಂದೊಂದು ಹಿಡಿತದ ದೂರ ಕುಗ್ಗಿತು. 1977ರಲ್ಲಿ ಪಿಯರ್ಸನ್ ಹಿಡಿದದ್ದು 48 ಚೆಂಡು, ಒಂದೊಂದಕ್ಕೆ ಹದಿನೆಂಟು ಗಜ. 2019ರಲ್ಲಿ ಮೈಕೆಲ್ ಥಾಮಸ್ 149 ಚೆಂಡು ಹಿಡಿದು ದಾಖಲೆ ಮಾಡಿದರು. ಅವರ ಸರಾಸರಿ ಹನ್ನೆರಡು ಗಜಕ್ಕೂ ಕಡಿಮೆ. ಇದರ ಜೊತೆಗೆ 2004ರಲ್ಲಿ ಐದು ಗಜದ ನಿಯಮವನ್ನು ಬಿಗಿಯಾಗಿ ಜಾರಿಗೆ ತರಬೇಕೆಂದು ತೀರ್ಪುಗಾರರಿಗೆ ಆದೇಶವಾಯಿತು. 2015ರ ಹೊತ್ತಿಗೆ ಎಸೆತದ ಗಳಿಕೆ ತಂಡಕ್ಕೆ, ಪಂದ್ಯಕ್ಕೆ, 240 ಗಜವನ್ನು ಮೀರಿತು.

ಬೆಳೆ ಹೆಚ್ಚಿದ ಮಾತ್ರಕ್ಕೆ ಎಲ್ಲ ಕಣಜಗಳೂ ಸಮವಾಗಿ ತುಂಬಲಿಲ್ಲ. ಸಣ್ಣ ಎಸೆತಗಳ ಪಾಲನ್ನು ಓಟಗಾರರೂ ಕೇಳಿದರು. 2019ರಲ್ಲಿ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಎಂಬ ಓಟಗಾರ 116 ಚೆಂಡುಗಳನ್ನು ಹಿಡಿದರು. ರಕ್ಷಕರೂ ಕೈಕಟ್ಟಿ ಕೂರಲಿಲ್ಲ. ಇಬ್ಬರನ್ನು ಬಹು ಹಿಂದಕ್ಕೆ ಕಾವಲು ನಿಲ್ಲಿಸಿ ದೂರದ ಎಸೆತಗಳಿಗೆ ಬಾಗಿಲು ಹಾಕಿದರು. 2022ರಿಂದ 2024ರವರೆಗಿನ ಮೂರು ಋತುಗಳಲ್ಲಿ ಎಸೆತದ ಗಳಿಕೆ 220 ಗಜದ ಆಸುಪಾಸಿಗೆ ಇಳಿದಿತ್ತು. ಪ್ರವೃತ್ತಿ ಎಂಬುದು ಸದಾ ಮೇಲಕ್ಕೇ ಹತ್ತುವ ಮೆಟ್ಟಿಲಲ್ಲ.

ಈಗ ಮೊದಲಿನ ಇಬ್ಬರ ಕಡೆಗೆ ತಿರುಗಬಹುದು. 1977ರಲ್ಲಿ ಪಿಯರ್ಸನ್ ಇದ್ದ ಡಲ್ಲಾಸ್ ಕೌಬಾಯ್ಸ್ ತಂಡದ ಎಸೆಗಾರ ರೋಜರ್ ಸ್ಟಾಬ್ಯಾಕ್ ಎಸೆದದ್ದು 361 ಸಲ. 2012ರಲ್ಲಿ ಜಾನ್ಸನ್ ಇದ್ದ ಡೆಟ್ರಾಯಿಟ್ ಲಯನ್ಸ್ ತಂಡದ ಎಸೆಗಾರ ಮ್ಯಾಥ್ಯೂ ಸ್ಟಾಫರ್ಡ್ ಎಸೆದದ್ದು 727 ಸಲ. ಅದು ಅಂದಿಗೆ ಲೀಗಿನ ದಾಖಲೆ. ಒಬ್ಬರ ಕಡೆ ತೂರಿಬಂದ ಚೆಂಡುಗಳ ಒಟ್ಟು ರಾಶಿ ಮತ್ತೊಬ್ಬರದರ ಅರ್ಧದಷ್ಟೇ ಇತ್ತು. ಗಳಿಸಿದ ಗಜಗಳನ್ನು ಈ ಎಸೆತಗಳಿಂದ ಭಾಗಿಸಿ ನೋಡಬೇಕು. ಸ್ಥೂಲವಾಗಿ, ಎಸೆಗಾರನ ಪ್ರತಿ ನೂರು ಎಸೆತಕ್ಕೆ ಪಿಯರ್ಸನ್ ಗಳಿಕೆ 241 ಗಜ. ಜಾನ್ಸನ್ ಗಳಿಕೆ 270 ಗಜ. ಇಮ್ಮಡಿಗೂ ಮಿಗಿಲಾಗಿ ತೋರುತ್ತಿದ್ದ ಅಂತರ ಎಂಟರಲ್ಲಿ ಒಂದು ಪಾಲಿಗೆ ಇಳಿಯಿತು! ಪಿಯರ್ಸನ್ ಕಾಲದ ರಕ್ಷಕರಿಗಿದ್ದ ಸ್ವಾತಂತ್ರ್ಯವನ್ನೂ ಲೆಕ್ಕಕ್ಕೆ ಹಿಡಿದರೆ ಆ ಒಂದು ಪಾಲೂ ಉಳಿಯುವುದೆಂದು ಹೇಳುವುದು ಕಷ್ಟ.

ಇನ್ನೂ ಒಂದು ವಿಚಾರವುಂಟು. ಹಿಂದೆ ಬಿದ್ದ ತಂಡ ಹೆಚ್ಚಾಗಿ ಎಸೆಯುತ್ತದೆ. ಓಟದಿಂದ ಗಡಿಯಾರ ಸಾಗುತ್ತದೆ. ಕೈತಪ್ಪಿದ ಎಸೆತ ಗಡಿಯಾರವನ್ನು ನಿಲ್ಲಿಸುತ್ತದೆ. ಮುಂದಿರುವ ತಂಡಕ್ಕೆ ಓಟವೇ ಕ್ಷೇಮ, ಹಿಂದಿರುವ ತಂಡಕ್ಕೆ ಎಸೆತವೇ ಗತಿ. 2012ರಲ್ಲಿ ಡೆಟ್ರಾಯಿಟ್ ಹದಿನಾರು ಪಂದ್ಯಗಳಲ್ಲಿ ಹನ್ನೆರಡನ್ನು ಸೋತಿತ್ತು. 1977ರ ಡಲ್ಲಾಸ್ ತಂಡ ಆ ಋತುವಿನ ಸೂಪರ್ ಬೌಲ್ ಗೆದ್ದಿತು. ಎಂದರೆ ಜಾನ್ಸನ್ ಅವರ ದೊಡ್ಡ ಅಂಕಿಯಲ್ಲಿ ತಂಡದ ಸೋಲಿನ ಪಾಲೂ ಇದೆ, ಪಿಯರ್ಸನ್ ಅವರ ಸಣ್ಣ ಅಂಕಿಯಲ್ಲಿ ತಂಡದ ಗೆಲುವಿನ ಪಾಲೂ ಇದೆ.

ಹಾಗೆಂದು ಜಾನ್ಸನ್ ಅವರ ಸಾಧನೆ ಕಾಲದ ಕೊಡುಗೆ ಮಾತ್ರ ಎನ್ನುವುದು ಅನ್ಯಾಯ. ಎದುರಾಳಿಗಳು ಅವರೊಬ್ಬರ ಮೇಲೆಯೇ ಇಬ್ಬರು ಮೂವರನ್ನು ಕಾವಲಿಗೆ ಬಿಡುತ್ತಿದ್ದರು. ಅದೇ ಗಾಳಿ ಬೀಸುತ್ತಿದ್ದಾಗ ಆಡುತ್ತಿದ್ದ ಬೇರೆ ಯಾರೂ ಆ ವರ್ಷ ಅಷ್ಟು ತೂರಿಕೊಳ್ಳಲಿಲ್ಲ. 2021ರಲ್ಲಿ ಋತುವಿಗೆ ಹದಿನೇಳನೆಯ ಪಂದ್ಯ ಸೇರಿತು. ಆ ವರ್ಷ ಕೂಪರ್ ಕಪ್ 1,947 ಗಜ ಗಳಿಸಿದರು. ಒಂದು ಪಂದ್ಯ ಹೆಚ್ಚು ಆಡಿಯೂ ಜಾನ್ಸನ್ ಅವರಿಗಿಂತ ಹದಿನೇಳು ಗಜ ಹಿಂದುಳಿದರು. ಪಂದ್ಯವೊಂದಕ್ಕೆ ಜಾನ್ಸನ್ ಸರಾಸರಿ ಸುಮಾರು 123 ಗಜ. ಆದರೆ 1951ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಎಲ್‌ರಾಯ್ ಹರ್ಷ್ ಹನ್ನೆರಡೇ ಪಂದ್ಯಗಳಲ್ಲಿ 1,495 ಗಜ ಗಳಿಸಿ, ಸರಾಸರಿಯಲ್ಲಿ ಅವರನ್ನೂ ಸ್ವಲ್ಪ ಮೀರಿದ್ದರು.

ಇಂಥ ಲೆಕ್ಕ ಪುಸ್ತಕದೊಳಗೆ ಉಳಿದುಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆದರೆ ಕೀರ್ತಿಭವನಕ್ಕೆ ಯಾರನ್ನು ಆರಿಸಬೇಕೆಂದು ಕುಳಿತವರ ಮುಂದೆಯೂ ಈ ಅಂಕಿಗಳೇ ಇರುತ್ತವೆ. ಪಿಯರ್ಸನ್ ತಮ್ಮ ಹನ್ನೊಂದು ಋತುಗಳಲ್ಲಿ ಗಳಿಸಿದ್ದು 7,822 ಗಜ. ಅವರು ಆಡುತ್ತಿದ್ದಾಗ ಅದು ಗಣ್ಯವಾದ ಮೊತ್ತ. 1970ರ ದಶಕದ ಶ್ರೇಷ್ಠರ ತಂಡವನ್ನು ಆರಿಸಿದಾಗ ಹಿಡಿತಗಾರರ ಮೊದಲ ಸಾಲಿನಲ್ಲಿ ಅವರ ಹೆಸರಿತ್ತು. ಎಸೆತದ ಪ್ರವಾಹ ಏರಿದಂತೆ ಆ ಮೊತ್ತವು ವರ್ಷ ವರ್ಷಕ್ಕೂ ಚಿಕ್ಕದಾಗಿ ಕಾಣತೊಡಗಿತು. ವಿಳಂಬಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಇದಂತೂ ಒಂದು ಕಾರಣವೆನ್ನಲು ಅಡ್ಡಿಯಿಲ್ಲ. ಜಾನ್ಸನ್ 11,619 ಗಜಗಳೊಡನೆ 2016ರಲ್ಲಿ ನಿವೃತ್ತರಾದರು. ಅರ್ಹತೆ ಪಡೆದ ಮೊದಲ ವರ್ಷದಲ್ಲಿಯೇ ಅವರ ಆಯ್ಕೆಯಾಯಿತು. 2020ರಲ್ಲಿ ಲೀಗಿನ ನೂರು ವರ್ಷಗಳ ಸ್ಮರಣೆಗಾಗಿ ಹಳೆಯ ಆಟಗಾರರಲ್ಲಿ ಹತ್ತು ಮಂದಿಯನ್ನು ವಿಶೇಷವಾಗಿ ಆರಿಸಿದರು. ಆ ಹತ್ತರಲ್ಲಿಯೂ ಪಿಯರ್ಸನ್ ಹೆಸರಿರಲಿಲ್ಲ. ಮರುವರ್ಷ ಬಂದಿತು. ಅವರು ಆಟ ನಿಲ್ಲಿಸಿ ಆ ವೇಳೆಗೆ ಮೂವತ್ತೇಳು ವರ್ಷಗಳು ಕಳೆದಿದ್ದವು.