ಸಾದಾ ಪೆಟ್ರೋಲ್ ಸಾಕೇ, ಪ್ರೀಮಿಯಂ ಬೇಕೇ?

ಸಂಘದಲ್ಲಿ ಹಾಲು ಅಳೆಯುವಾಗ ಅದು ಯಾರ ಮನೆಯ ಹಸು, ಯಾವ ತಳಿ ಎಂದು ನೋಡಿ ಯಾರೂ ದರ ಕಟ್ಟುವುದಿಲ್ಲ. ಜಿಡ್ಡು ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡಿ ಕಟ್ಟುತ್ತಾರೆ. ಆದರೆ ಪೆಟ್ರೋಲ್ ಬಂಕಿಗೆ ಹೋದಾಗ ನಮ್ಮಲ್ಲಿ ಅನೇಕರು ಹೆಸರು ನೋಡಿ ದುಡ್ಡು ಕೊಡುತ್ತೇವೆ. "ಸಾದಾ ಹಾಕಲಾ, ಪ್ರೀಮಿಯಂ ಹಾಕಲಾ?" ಎಂದು ಬಂಕಿನ ಹುಡುಗ ಕೇಳಿದರೆ, ದುಬಾರಿಯದ್ದೇ ಒಳ್ಳೆಯದಿರಬೇಕು ಎಂದು ತಲೆಯಾಡಿಸುತ್ತೇವೆ.

ವಿರಾಜಪೇಟೆ ಸುತ್ತಮುತ್ತ ಇದು ಸಣ್ಣ ಮಾತಲ್ಲ. ಮನೆಗಳು ತೋಟಗಳ ನಡುವೆ ದೂರ ದೂರ. ಸಂಘಕ್ಕೆ ಹಾಲು, ಪೇಟೆಯಿಂದ ಪಶು ಆಹಾರ, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲಕ್ಕೂ ವಾಹನ ಬೇಕು. ತಿಂಗಳ ಹಾಲಿನ ಬಟವಾಡೆಯಲ್ಲಿ ಒಂದು ಪಾಲು ನೇರ ಬಂಕಿಗೆ ಹೋಗುತ್ತದೆ.

ಒಂದೇ ಮೂಲ, ಒಂದೇ ಮಾನದಂಡ

ಬ್ರಿಟನ್‌ನಲ್ಲಿ ಟೆಸ್ಕೊ, ಆಸ್ಡಾದಂತಹ ಸೂಪರ್ ಮಾರ್ಕೆಟ್‌ಗಳೇ ಬಂಕ್ ನಡೆಸುತ್ತವೆ. ಅಲ್ಲಿ ಪೆಟ್ರೋಲ್ ಸಾಮಾನ್ಯವಾಗಿ ಅಗ್ಗ. ಹೆಸರಾಂತ ಕಂಪನಿಯದ್ದು ಹಾಕಿಸಬೇಕೋ, ಸೂಪರ್ ಮಾರ್ಕೆಟಿನದ್ದು ಸಾಕೋ ಎಂಬ ಚರ್ಚೆ ಅಲ್ಲಿ ಹಳೆಯದು. ಎರಡೂ ಒಂದೇ ಮಾನದಂಡಕ್ಕೆ ಒಳಪಟ್ಟ ಇಂಧನ. ವ್ಯತ್ಯಾಸವಿರುವುದು ಕಂಪನಿ ಸೇರಿಸುವ ರಾಸಾಯನಿಕಗಳಲ್ಲಿ.

ನಮ್ಮಲ್ಲಿ ಈ ಪ್ರಶ್ನೆ ಒಂದೇ ಬಂಕಿನ ಎರಡು ನಳಿಕೆಗಳ ನಡುವೆ ಬರುತ್ತದೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95, ಭಾರತ್ ಪೆಟ್ರೋಲಿಯಂನ ಸ್ಪೀಡ್, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್ ಇವೆಲ್ಲ ಪ್ರೀಮಿಯಂ ಬಗೆಯವು. ಆದರೆ ಸಾದಾ ಪೆಟ್ರೋಲ್ ಎಂದರೆ ಕಳಪೆ ಎಂದಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಇಂಧನವೇ ಮಾರಾಟವಾಗಬೇಕು. ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿದಿದೆ. ಈ ನಿಯಮ ಸರ್ಕಾರಿ ಬಂಕಿಗೂ ಖಾಸಗಿ ಬಂಕಿಗೂ ಒಂದೇ.

ಮಂಗಳೂರಿನ ಸಂಸ್ಕರಣಾಗಾರದ ಪೆಟ್ರೋಲ್, ಡೀಸೆಲ್ ಕೊಳವೆ ಮಾರ್ಗದಲ್ಲಿ ಹಾಸನದ ಮೂಲಕ ಬೆಂಗಳೂರಿಗೆ ಹರಿಯುತ್ತದೆ. ಹಲವು ಊರಿನ ಹಾಲು ಒಂದೇ ಟ್ಯಾಂಕರಿಗೆ ಸೇರುವಂತೆ, ಒಂದೇ ಸಂಸ್ಕರಣಾಗಾರದ ಇಂಧನ ಬೇರೆ ಬೇರೆ ಕಂಪನಿಗಳ ಬಂಕಿಗೆ ಹೋಗುವುದುಂಟು.

ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚು ಎನ್ನುವಂತಿಲ್ಲ. ಮಾಕುಟ್ಟ ದಾಟಿ ಬರುವ ಕೇರಳದ ವಾಹನಗಳು ನಮ್ಮ ಕಡೆ ಟ್ಯಾಂಕ್ ತುಂಬಿಸಿಕೊಳ್ಳುವುದು ಇಲ್ಲಿನ ಪೆಟ್ರೋಲ್ ಶ್ರೇಷ್ಠ ಎಂದಲ್ಲ, ಅಲ್ಲಿ ತೆರಿಗೆ ಹೆಚ್ಚು ಎಂದು. ಕೇರಳ 2023ರ ಏಪ್ರಿಲ್‌ನಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತು. ಕರ್ನಾಟಕವೂ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿತು. ಎರಡು ಸಲವೂ ಏರಿದ್ದು ಬೆಲೆ ಮಾತ್ರ, ಪೆಟ್ರೋಲಿನ ಗುಣವಲ್ಲ.

ಆಕ್ಟೇನ್ ಎಂದರೆ ಶಕ್ತಿಯಲ್ಲ

ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಗಾಡಿಗೆ ಬಲ ಬರುತ್ತದೆ ಎಂಬ ನಂಬಿಕೆ ಇದೆ. ಆಕ್ಟೇನ್ ಸಂಖ್ಯೆ ತೋರಿಸುವುದು ಬಲವನ್ನಲ್ಲ. ಎಂಜಿನ್ನಿನ ಒತ್ತಡದಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯಬಲ್ಲದು ಎಂಬುದನ್ನು ಅದು ಹೇಳುತ್ತದೆ. ಹಾಗೆ ಹೊತ್ತಿಕೊಂಡಾಗ, ಭಾರ ಹೊತ್ತು ಏರು ಹತ್ತುವಾಗ ಎಂಜಿನ್ನಿನಿಂದ ಕಟಕಟ ಸದ್ದು ಕೇಳುತ್ತದೆ. ಹೆಚ್ಚು ಒತ್ತಡದ ಎಂಜಿನ್, ಕೆಲವು ಟರ್ಬೊ ಎಂಜಿನ್‌ಗಳಿಗೆ ಹೆಚ್ಚಿನ ಆಕ್ಟೇನ್ ಬೇಕಾಗಬಹುದು. ಬೇಕಿದ್ದರೆ ವಾಹನದ ಕೈಪಿಡಿಯಲ್ಲಿ ಬರೆದಿರುತ್ತಾರೆ. ಬರೆಯದಿದ್ದರೆ ಬೇಕಿಲ್ಲ.

ಇನ್ನೊಂದು ಬದಲಾವಣೆಯನ್ನೂ ಗಮನಿಸಿ. ಬಿಎಸ್-6 ಸಾದಾ ಪೆಟ್ರೋಲಿನ ಆಕ್ಟೇನ್ 91 ಇತ್ತು. ಶೇ 20 ಎಥೆನಾಲ್ ಸೇರಿದ ಇ20 ಬಂದ ಮೇಲೆ ಅದು 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ವಿವರಣೆ ನೀಡಿದೆ. ಹಾಗಾಗಿ 95ರ ಪ್ರೀಮಿಯಂ ಪೆಟ್ರೋಲಿನಲ್ಲಿ ನಾವು ಹೆಚ್ಚುವರಿ ಹಣ ಕೊಡುವುದು ಮುಖ್ಯವಾಗಿ ಎಂಜಿನ್ ಶುಚಿಗೊಳಿಸುವ ರಾಸಾಯನಿಕಕ್ಕೆ. ಅದರಿಂದ ಉಪಯೋಗವಿಲ್ಲವೆಂದಲ್ಲ, ಇಂಜೆಕ್ಟರ್‌ನಲ್ಲಿ ಮಸಿ ಕಟ್ಟುವುದನ್ನು ತಡೆಯಲು ಅದು ನೆರವಾಗುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ಸರ್ವಿಸ್ ಆಗುವ ಗಾಡಿಯಲ್ಲಿ ದಿನದ ಓಡಾಟಕ್ಕೆ ದೊಡ್ಡ ವ್ಯತ್ಯಾಸ ಕಾಣುವುದು ಕಷ್ಟ.

ಡೀಸೆಲ್ ಪಿಕಪ್, ಜೀಪ್ ಇರುವವರಿಗೆ ಆಕ್ಟೇನ್ ಲೆಕ್ಕ ಅನ್ವಯಿಸುವುದಿಲ್ಲ. ಡೀಸೆಲ್‌ಗೆ ಸೀಟೇನ್ ಎಂಬ ಬೇರೆ ಅಳತೆ ಇದೆ. ಬಿಎಸ್-6 ಡೀಸೆಲ್‌ನಲ್ಲಿ ಅದು ಕನಿಷ್ಠ 51 ಇರಬೇಕು.

ಕಾಗದದ ಮೇಲೆ ಲೆಕ್ಕ ಹಾಕೋಣ

ಸಾದಾ ಪೆಟ್ರೋಲ್ 103 ರೂಪಾಯಿ, ಪ್ರೀಮಿಯಂ 110 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಕಾರು ಸಾದಾ ಪೆಟ್ರೋಲಿನಲ್ಲಿ ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದರೆ, ಪ್ರೀಮಿಯಂನಲ್ಲಿ 16 ಕಿ.ಮೀ. ಕೊಟ್ಟರೆ ಮಾತ್ರ ಅಸಲು ಹುಟ್ಟುತ್ತದೆ. ತಿಂಗಳಿಗೆ 40 ಲೀಟರ್ ಹಾಕಿಸುವವರಿಗೆ ಹೆಚ್ಚುವರಿ ಖರ್ಚು 280 ರೂಪಾಯಿ, ವರ್ಷಕ್ಕೆ 3,360 ರೂಪಾಯಿ. ಆ ಹಣ ಹಸುಗಳ ಖನಿಜ ಮಿಶ್ರಣಕ್ಕೆ ಹೋದರೆ ಹಾಲಿನಲ್ಲಿ ತಿರುಗಿ ಬರುತ್ತದೆ.

ಪರೀಕ್ಷಿಸುವ ಇಷ್ಟವಿದ್ದರೆ ಹೀಗೆ ಮಾಡಿ. ಟ್ಯಾಂಕ್ ತುಂಬಿಸಿ ಕಿ.ಮೀ. ಬರೆದಿಡಿ. ಎಂದಿನ ದಾರಿಯಲ್ಲಿ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಿ. ಎರಡೂ ಬಗೆಯಲ್ಲಿ ಮೂರು ಮೂರು ಸಲ ನೋಡಿ. ಒಂದು ಸಲ ಗೋಣಿಕೊಪ್ಪಕ್ಕೆ ಹೋಗಿ, ಇನ್ನೊಂದು ಸಲ ಮಾಕುಟ್ಟ ಘಾಟಿ ಇಳಿದು ಹತ್ತಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಮಳೆಗಾಲದಲ್ಲಿ ಎಚ್ಚರ

ಕೊಡಗಿನವರು ಹೆಸರಿಗಿಂತ ಹೆಚ್ಚು ನೀರಿನ ಬಗ್ಗೆ ಯೋಚಿಸಬೇಕು. ಎಥೆನಾಲ್ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಗಾಡಿ ನಿಂತುಬಿಡುತ್ತದೆ. ಆದ್ದರಿಂದ ಮುಂಗಾರಿನಲ್ಲಿ ಗಾಡಿಯನ್ನು ಅರೆ ಟ್ಯಾಂಕಿನಲ್ಲಿ ವಾರಗಟ್ಟಲೆ ನಿಲ್ಲಿಸಬೇಡಿ. ಟ್ಯಾಂಕಿನ ಮುಚ್ಚಳದ ರಬ್ಬರ್ ಹರಿದಿದ್ದರೆ ಬದಲಿಸಿ. ಪ್ರೀಮಿಯಂ ಎಂದ ಮಾತ್ರಕ್ಕೆ ಎಥೆನಾಲ್ ಇಲ್ಲ ಎಂದು ಭಾವಿಸದೆ ಬಂಕಿನಲ್ಲಿ ಕೇಳಿ.

ಹಳೆಯ ಗಾಡಿಗಳಿಗೆ ಇ20ರಿಂದ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ನೀತಿ ಆಯೋಗದ 2021ರ ವರದಿಯ ಅಂದಾಜಿನಂತೆ ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ 6–7, ದ್ವಿಚಕ್ರ ವಾಹನಗಳಲ್ಲಿ ಶೇ 3–4 ಇಳಿಕೆ ಆಗಬಹುದು. ಇಂಥ ಗಾಡಿ ಇರುವವರು ರಬ್ಬರ್ ಪೈಪ್‌ಗಳನ್ನು ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು.

ಬಂಕಿನಲ್ಲೂ ಲ್ಯಾಕ್ಟೋಮೀಟರ್ ಇದೆ!

ಹಾಲಿನ ಸಾಂದ್ರತೆ ನೋಡುವಂತೆ ಪೆಟ್ರೋಲಿನ ಸಾಂದ್ರತೆಯನ್ನೂ ನೋಡಬಹುದು. ಇವು ಗ್ರಾಹಕರ ಹಕ್ಕುಗಳು, ಸಂಕೋಚವಿಲ್ಲದೆ ಕೇಳಿ:

• ಸಾಂದ್ರತೆ: ಹೈಡ್ರೋಮೀಟರಿನಲ್ಲಿ ಅಳೆದು ತೋರಿಸಲು ಕೇಳಿ. ಉಷ್ಣಾಂಶದ ಲೆಕ್ಕ ಸರಿಪಡಿಸಿದ ಮೇಲೆ, ಟ್ಯಾಂಕರ್ ಬಂದಾಗ ದಾಖಲಾದ ಅಂಕಿಗೂ ಇದಕ್ಕೂ ಘನ ಮೀಟರಿಗೆ 3 ಕಿ.ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು.
• ಫಿಲ್ಟರ್ ಪೇಪರ್: ನಳಿಕೆಯ ತುದಿ ಒರೆಸಿ ಒಂದು ಹನಿ ಪೆಟ್ರೋಲ್ ಹಾಕಿ. ಸುಮಾರು ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು.
• ಅಳತೆ: ಸಂಶಯ ಬಂದರೆ ಮುದ್ರೆಯಿರುವ 5 ಲೀಟರ್ ಅಳತೆಪಾತ್ರೆಗೆ ಹಾಕಿಸಿ ನೋಡಿ.
• ನೀರು: ಭಾರಿ ಮಳೆಯ ಮರುದಿನ, ಭೂಗತ ಟ್ಯಾಂಕಿನಲ್ಲಿ ನೀರಿನ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ.
• ರಸೀದಿ: ತಪ್ಪದೆ ಪಡೆಯಿರಿ. ದೂರು ಕೊಡಬೇಕಾದರೆ ಅದೇ ಆಧಾರ. ಅಳತೆಯ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಗುಣಮಟ್ಟದ ದೂರನ್ನು ಆಯಾ ತೈಲ ಕಂಪನಿಗೆ ಸಲ್ಲಿಸಬಹುದು.

ಕೈಪಿಡಿ ಕೇಳಿದರೆ ಪ್ರೀಮಿಯಂ ಹಾಕಿಸಿ, ಇಲ್ಲವಾದರೆ ವ್ಯಾಪಾರ ಚೆನ್ನಾಗಿರುವ, ಅಳತೆ ಸರಿಯಿರುವ ಬಂಕಿನ ಸಾದಾ ಪೆಟ್ರೋಲ್ ಸಾಕು. ಟೈರಿಗೆ ಸರಿಯಾದ ಗಾಳಿ, ಶುಚಿಯಾದ ಏರ್ ಫಿಲ್ಟರ್, ಹೊತ್ತಿಗೆ ಸರ್ವಿಸ್ ಈ ಮೂರರಿಂದ ಉಳಿಯುವ ಹಣ ಯಾವ ದುಬಾರಿ ನಳಿಕೆಯಿಂದಲೂ ಬರುವುದಿಲ್ಲ. ಟೈರಿಗೆ ಗಾಳಿಯಂತೂ ಬಂಕಿನಲ್ಲಿ ಉಚಿತ.