ಆಳುಗಳ ಆರೋಗ್ಯಕ್ಕೆ ಆಟ-ಪಂದ್ಯಗಳ ಉಪಯೋಗ

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯು ಬಹುಕಾಲದಿಂದಲೂ ನಮ್ಮಲ್ಲಿ ರೂಢಿಯಲ್ಲಿದೆ. ಆದರೆ ಆಳು ಮಾಡಿದ್ದು ಏಕೆ ಹಾಳಾಗುತ್ತದೆಂದು ವಿಚಾರಮಾಡುವವರು ವಿರಳ. ಕೆಲಸದಲ್ಲಿ ಆಸ್ಥೆಯಿಲ್ಲದಿರುವುದು ಒಂದು ಕಾರಣ. ದೇಹದಲ್ಲಿ ತ್ರಾಣವಿಲ್ಲದಿರುವುದು ಮತ್ತೊಂದು. ಇವೆರಡನ್ನೂ ಸರಿಪಡಿಸುವ ಸಲುವಾಗಿ ಸುಮಾರು 2010ನೆಯ ಇಸವಿಯಿಂದೀಚೆಗೆ ಕಛೇರಿ, ಕಾರ್ಖಾನೆಗಳಲ್ಲಿ ಒಂದು ಉಪಾಯವು ಪ್ರಚಾರಕ್ಕೆ ಬಂದಿರುತ್ತದೆ. ಅದನ್ನು ಗೇಮಿಫಿಕೇಷನ್ ಎಂದು ಕರೆಯುತ್ತಾರೆ. ಆಟದ ಅಂಗಗಳಾದ ಅಂಕ, ತಂಡ, ಪಂದ್ಯ, ಬಹುಮಾನ ಮುಂತಾದವುಗಳನ್ನು ನಿತ್ಯದ ಕೆಲಸಕ್ಕೂ ಆರೋಗ್ಯದ ಅಭ್ಯಾಸಗಳಿಗೂ ಅಳವಡಿಸುವುದೇ ಇದರ ಸ್ವರೂಪ. ಹತ್ತಾರು ಆಳುಗಳನ್ನಿಟ್ಟು ಬೇಸಾಯ ಮಾಡಿಸುವವರು ಇದರ ಗುಣದೋಷಗಳೆರಡನ್ನೂ ತಿಳಿದಿರುವುದು ಒಳ್ಳೆಯದು.

ಮೊದಲು ಗುಣವನ್ನು ನೋಡೋಣ. ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದವರು ಒಂದು ದೊಡ್ಡ ಸಂಸ್ಥೆಯ ನೌಕರರಲ್ಲಿ ಸ್ಥೂಲದೇಹಿಗಳಾದ 602 ಜನರನ್ನು ಆರಿಸಿ ನಡಿಗೆಯ ಪರೀಕ್ಷೆಯೊಂದನ್ನು ನಡೆಸಿ, ಅದರ ಫಲವನ್ನು 2019ರಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬನೂ ತಾನು ಹಿಂದೆ ನಡೆಯುತ್ತಿದ್ದುದಕ್ಕಿಂತ ಹೆಚ್ಚಾದ ಒಂದು ಗುರಿಯನ್ನು ಇಟ್ಟುಕೊಳ್ಳಬೇಕಾಗಿತ್ತು. ಆಟದ ಗುಂಪುಗಳಲ್ಲಿದ್ದವರಿಗೆ ವಾರದ ಆರಂಭದಲ್ಲಿಯೇ 70 ಅಂಕಗಳನ್ನು ಕೊಟ್ಟು, ಗುರಿ ತಪ್ಪಿದ ದಿನವೊಂದಕ್ಕೆ 10ರಂತೆ ಕಳೆಯುತ್ತಿದ್ದರು. ಕೈಗೆ ಬಂದುದನ್ನು ಕಳೆದುಕೊಳ್ಳಲು ಯಾರ ಮನಸ್ಸೂ ಒಪ್ಪದಷ್ಟೆ! ಮೂರು ಮೂರು ಜನರ ಗುಂಪು ಮಾಡಿ ಪರಸ್ಪರ ಪಂದ್ಯವಿಟ್ಟವರು, ಆಟವಿಲ್ಲದವರಿಗಿಂತ ದಿನಕ್ಕೆ ಸರಾಸರಿ 920 ಹೆಜ್ಜೆಗಳಷ್ಟು ಹೆಚ್ಚಾಗಿ ನಡೆದರು. 24 ವಾರಗಳ ಆಟವು ಮುಗಿದು ಮತ್ತೆ 12 ವಾರಗಳು ಕಳೆದ ಮೇಲೂ ಆ ಅಭ್ಯಾಸವು ಅವರಲ್ಲಿ ಒಂದಷ್ಟು ಉಳಿದಿತ್ತು.

ಇನ್ನು ದೋಷ. ಬ್ರಿಟನ್ನಿನ ಹಣ್ಣಿನ ತೋಟವೊಂದರಲ್ಲಿ ಕೊಯ್ಲಿನ ಆಳುಗಳು ತಾವೇ ತಂಡ ಕಟ್ಟಿಕೊಂಡು, ಕೊಯ್ದ ತೂಕಕ್ಕೆ ತಕ್ಕ ಕೂಲಿಯನ್ನು ಹಂಚಿಕೊಳ್ಳುತ್ತಿದ್ದರು. ಅಲ್ಲಿ ಮೂವರು ಅರ್ಥಶಾಸ್ತ್ರಜ್ಞರು ನಡೆಸಿದ ಪರೀಕ್ಷೆಯು 2013ರಲ್ಲಿ ಪ್ರಕಟವಾಯಿತು. ಯಾವ ತಂಡವು ಮುಂದು, ಯಾವುದು ಹಿಂದು ಎಂಬ ಪಟ್ಟಿಯನ್ನು ತೂಗುಹಾಕಿದ ಮಾತ್ರಕ್ಕೆ ಸರಾಸರಿ ಕೊಯ್ಲು ಹೆಚ್ಚುವುದಿರಲಿ, ನೂರಕ್ಕೆ 14ರಂತೆ ಕುಗ್ಗಿತು. ಕುಗ್ಗಿದ್ದು ಪಟ್ಟಿಯ ಕೆಳಗಿದ್ದ ತಂಡಗಳಲ್ಲಿ. ಗೆದ್ದ ತಂಡಕ್ಕೆ ಹಣದ ಬಹುಮಾನವಿಟ್ಟಾಗ ಕೊಯ್ಲು ನೂರಕ್ಕೆ 24ರಂತೆ ಏರಿತು. ಆದರೆ ಆ ಏರಿಕೆಯೂ ಮೇಲಿನ ತಂಡಗಳದ್ದೇ. ಇದಲ್ಲದೆ, ಸ್ನೇಹಿತರೊಡನೆ ಸೇರುತ್ತಿದ್ದ ಆಳುಗಳು ಅದನ್ನು ಬಿಟ್ಟು ಸರಿಸಮಾನ ಚುರುಕಿನವರನ್ನು ಹುಡುಕತೊಡಗಿದರು. ನಿಧಾನದವನು ನಿಧಾನದವರೊಡನೆಯೇ ಉಳಿಯಬೇಕಾಯಿತು.

ಒಂದೆಡೆ ಫಲಿಸಿದ ಪಂದ್ಯವು ಇನ್ನೊಂದೆಡೆ ಕೆಡಿಸಿದ್ದೇಕೆ? ನಡಿಗೆಯ ಪಂದ್ಯದಲ್ಲಿ ಗುಂಪು ಚಿಕ್ಕದು. ಗುರಿಯು ಅವರವರ ಶಕ್ತಿಗೆ ತಕ್ಕದ್ದು. ವಾರ ವಾರವೂ ಲೆಕ್ಕವು ಹೊಸದು. ತೋಟದ ಪಟ್ಟಿಯಲ್ಲಿಯಾದರೋ ಎಲ್ಲರಿಗೂ ಒಂದೇ ಅಳತೆ. ಸೋಲುವುದು ಖಂಡಿತವೆಂದು ತಿಳಿದ ಎತ್ತು ನೊಗಕ್ಕೆ ಹೆಗಲು ಕೊಡುವುದುಂಟೆ?

ಎಣಿಸತಕ್ಕದ್ದು ಏನೆಂಬುದು ಇದಕ್ಕಿಂತಲೂ ಮುಖ್ಯವಾದ ವಿಷಯ. ಕುಳಿತು ಬರೆಯುವ ನೌಕರನಿಗೆ ನಡಿಗೆಯು ಆರೋಗ್ಯ. ದಿನವಿಡೀ ಬಿಸಿಲಿನಲ್ಲಿ ದುಡಿಯುವ ಆಳಿಗೆ ಬೇಕಾದದ್ದು ನೀರು, ನೆರಳು ಮತ್ತು ವಿಶ್ರಾಂತಿ. ಕ್ಯಾಲಿಫೋರ್ನಿಯಾ ಪ್ರಾಂತ್ಯದ ಹೊಲಗಳಲ್ಲಿ ಸುಮಾರು 300 ಆಳುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ದಿನದ ದುಡಿಮೆಯ ಕೊನೆಗೆ ನೂರಕ್ಕೆ ಸುಮಾರು 12 ಜನರಲ್ಲಿ ಮೂತ್ರಪಿಂಡಗಳಿಗೆ ಪೆಟ್ಟಾದ ಲಕ್ಷಣಗಳು ಕಂಡುಬಂದವು. ದುಡಿದಷ್ಟಕ್ಕೆ ಕೂಲಿ ಪಡೆಯುವವರಲ್ಲಿ ಈ ಅಪಾಯವು ಅಧಿಕವಾಗಿತ್ತು. ನೀರಿಗೆ ಹೋದರೆ ತೂಕ ಕಡಮೆಯಾದೀತೆಂಬ ಚಿಂತೆಯು ಇಂಥ ಕೂಲಿಯಲ್ಲಿ ಸಹಜವಷ್ಟೆ. ನಮ್ಮಲ್ಲಿಯೂ ಕಾಫಿಯ ಕೊಯ್ಲು ಕಿಲೋ ಲೆಕ್ಕದಲ್ಲಿಯೂ ಕಬ್ಬಿನ ಕಟಾವು ಟನ್ ಲೆಕ್ಕದಲ್ಲಿಯೂ ನಡೆಯುವುದುಂಟು. ಅದರ ಮೇಲೆ ತೂಕದ ಪಂದ್ಯವನ್ನೂ ಹೂಡಿದರೆ, ಓಡುವ ಎತ್ತಿಗೆ ಬಾರುಕೋಲಿನ ಏಟು ಕೊಟ್ಟಂತಾದೀತು.

ಆದಕಾರಣ ಈ ಉಪಾಯವನ್ನು ಅನುಸರಿಸಲಿಚ್ಛಿಸುವ ಭೂಮಾಲೀಕರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕದ್ದು:

1. ತೂಕಕ್ಕೆ ಪಂದ್ಯವಿಡಕೂಡದು. ಹೊತ್ತು ಹೊತ್ತಿಗೆ ನೀರು ಕುಡಿಯುವುದು, ಮಧ್ಯಾಹ್ನ ನೆರಳಿನಲ್ಲಿ ವಿಶ್ರಮಿಸುವುದು, ಔಷಧಿ ಸಿಂಪಡಿಸುವಾಗ ಕೈಚೀಲ ಧರಿಸುವುದು, ಆಮೇಲೆ ಸಾಬೂನಿನಿಂದ ಕೈಕಾಲು ತೊಳೆಯುವುದು - ಇವಕ್ಕೆ ಅಂಕಗಳನ್ನಿಡಬೇಕು.

2. ತಂಡದಲ್ಲಿ ಮೂರು ನಾಲ್ಕು ಜನರಿದ್ದರೆ ಸಾಕು. ವಯಸ್ಸಾದವರೂ ಹರೆಯದವರೂ ಬೆರೆತಿರುವಂತೆ ಮೇಸ್ತ್ರಿಯು ನೋಡಿಕೊಳ್ಳಬೇಕು.

3. ಸೋಮವಾರ ಬೆಳಿಗ್ಗೆ ತಂಡಕ್ಕೆ 60 ಅಂಕಗಳನ್ನು ಬರೆದು, ನಿಯಮ ತಪ್ಪಿದ ದಿನಕ್ಕೆ 10ರಂತೆ ಕಳೆಯಬಹುದು. ಕಾಯಿಲೆಯಿಂದ ಬಾರದವನ ಅಂಕವನ್ನು ಕಳೆಯಕೂಡದು. ಕಳೆದರೆ ಜ್ವರವಿದ್ದವನೂ ಹೊಲಕ್ಕೆ ಬಂದಾನು.

4. ಹಿಂದುಳಿದವರ ಹೆಸರನ್ನು ಹಲಗೆಯ ಮೇಲೆ ಬರೆಯಬಾರದು. ಹೋದ ವಾರಕ್ಕಿಂತ ಉತ್ತಮಗೊಂಡ ತಂಡಗಳ ಹೆಸರುಗಳನ್ನು ಮಾತ್ರ ಬರೆಯತಕ್ಕದ್ದು.

5. ಬಹುಮಾನವು ಇಡೀ ತಂಡಕ್ಕೆ ಸಲ್ಲಬೇಕು. ಅದನ್ನು ಕೂಲಿಯಲ್ಲಿ ವಜಾ ಹಾಕಕೂಡದು. ಆಟಕ್ಕೆ ಸೇರುವುದೂ ಬಿಡುವುದೂ ಆಳಿನ ಇಷ್ಟಕ್ಕೆ ಸೇರಿದ್ದು.

ಇಷ್ಟೆಲ್ಲ ಮಾಡಿದರೂ ಆಟದಿಂದಲೇ ಸರ್ವವೂ ಸಿದ್ಧಿಸುವುದೆಂದು ಭಾವಿಸಬಾರದು. ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು 5,000 ನೌಕರರನ್ನು ಕುರಿತು ನಡೆಸಿದ ಆರೋಗ್ಯ ಕಾರ್ಯಕ್ರಮದ ಪರೀಕ್ಷೆಯಲ್ಲಿ, ಪ್ರೋತ್ಸಾಹಧನಕ್ಕೆ ಒಲಿದು ಬಂದವರಲ್ಲಿ ಹೆಚ್ಚಿನವರು ಮೊದಲೇ ಆರೋಗ್ಯದ ಕಾಳಜಿಯುಳ್ಳವರೆಂದು ಕಂಡುಬಂತು. ವೈದ್ಯದ ಖರ್ಚಾಗಲಿ ಗೈರುಹಾಜರಿಯಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. ಯಾರಿಗೆ ನೆರವು ಹೆಚ್ಚಾಗಿ ಬೇಕೋ ಅವರೇ ಆಟದಿಂದ ದೂರ ಉಳಿಯುತ್ತಾರೆ. ಅವರ ಯೋಗಕ್ಷೇಮವನ್ನು ಯಜಮಾನನು ತಾನೇ ವಿಚಾರಿಸಬೇಕು.

ಬಿರುಬಿಸಿಲಿನಲ್ಲಿ ದುಡಿಯುವವನು 15-20 ನಿಮಿಷಗಳಿಗೊಮ್ಮೆ ಸುಮಾರು ಕಾಲು ಲೀಟರ್ ನೀರು ಕುಡಿಯಬೇಕೆಂಬುದು ತಜ್ಞರ ಸಲಹೆ. ಕೊಡದಲ್ಲಿ ನೀರಿಲ್ಲದ ಹೊಲದಲ್ಲಿ ನೀರು ಕುಡಿದವನಿಗೆ ಅಂಕವಿಟ್ಟರೆ ಪ್ರಯೋಜನವೇನು? ಹೊಲದ ಬದುವಿನಲ್ಲಿ ತಣ್ಣನೆಯ ನೀರಿನ ಕೊಡ, ಒಂದು ಚಪ್ಪರ, ಅರ್ಧ ಗಂಟೆಯ ಬಿಡುವು - ಇವು ಆಳು ಗೆದ್ದುಕೊಳ್ಳಬೇಕಾದ ಬಹುಮಾನಗಳಲ್ಲ, ಯಜಮಾನನು ಮೊದಲೇ ಒದಗಿಸಬೇಕಾದವು. ಗ್ರಾಮದ ಮುಖಂಡರು ಮುಂಬರುವ ಕೊಯ್ಲಿನ ಕಾಲಕ್ಕೆ ತಂತಮ್ಮ ಊರಿನಲ್ಲಿ ಇವುಗಳನ್ನು ಮೊದಲು ಏರ್ಪಡಿಸಿ, ತರುವಾಯ ಪಂದ್ಯದ ಹಲಗೆಯನ್ನು ನಿಲ್ಲಿಸುವರೆಂದು ನಂಬಲಾಗಿದೆ.