ಹೊರಕ್ಕೆ ವಾಲುವ ಕಣ್ಣು: ಶಸ್ತ್ರಚಿಕಿತ್ಸೆ ಯಾವಾಗ?

ಗುಬ್ಬಿಯ ರೈಲು ನಿಲ್ದಾಣದಲ್ಲಿ ದೂರದ ಹಳಿಯನ್ನೇ ನೋಡುತ್ತ ನಿಂತ ನಿಮ್ಮ ಮಗುವಿನ ಒಂದು ಕಣ್ಣು ಮೆಲ್ಲಗೆ ಕಿವಿಯ ಕಡೆಗೆ ಸರಿಯುತ್ತದೆಯೆ? ಹೆಸರು ಹಿಡಿದು ಕರೆದೊಡನೆ ನೆಟ್ಟಗಾಗುತ್ತದೆಯೆ? ಬಿಸಿಲಿಗೆ ಬಂದರೆ ಒಂದೇ ಕಣ್ಣನ್ನು ಮುಚ್ಚಿಕೊಳ್ಳುತ್ತದೆಯೆ? ಹಾಗಿದ್ದರೆ ಅದು ಹೊರಮುಖದ ಮೆಳ್ಳೆಗಣ್ಣು ಇರಬಹುದು. ದಣಿವು, ಜ್ವರ, ನಿದ್ದೆಗಣ್ಣು ಇದ್ದಾಗ ಇದು ಹೆಚ್ಚಾಗಿ ಕಾಣುತ್ತದೆ.

ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಬೆಳೆದಂತೆ ತಾನೇ ಹೋಗುತ್ತದೆ ಎನ್ನುವವರೂ ಇದ್ದಾರೆ. ಹುಟ್ಟಿದ ಮೊದಲ ಮೂರ್ನಾಲ್ಕು ತಿಂಗಳು ಕಣ್ಣು ಆಗಾಗ ಅತ್ತಿತ್ತ ಸರಿಯುವುದು ಸಹಜ. ಆಮೇಲೂ ಸರಿಯುತ್ತಿದ್ದರೆ ತೋರಿಸಲೇಬೇಕು.

ಪ್ರತಿ ಕಣ್ಣನ್ನೂ ಆರು ಸ್ನಾಯುಗಳು ತಿರುಗಿಸುತ್ತವೆ. ಇವುಗಳ ಹೊಂದಾಣಿಕೆ ತಪ್ಪಿದಾಗ ಎರಡು ಕಣ್ಣು ಎರಡು ಕಡೆ ನೋಡುತ್ತವೆ. ಮಗುವಿನ ಮೆದುಳು ಗೊಂದಲ ತಪ್ಪಿಸಿಕೊಳ್ಳಲು ಒಂದು ಕಣ್ಣಿನ ನೋಟವನ್ನು ಕೈಬಿಡುತ್ತದೆ. ಹೀಗೇ ಮುಂದುವರಿದರೆ ಆಳವನ್ನು ಅಳೆಯುವ ನೋಟ ಕುಂದಬಹುದು, ಆ ಕಣ್ಣು ಮಂದದೃಷ್ಟಿಗೂ ಇಳಿಯಬಹುದು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನೆನಪಾಗುವುದು ಮಗಳ ಮದುವೆಯ ಮಾತು ಬಂದಾಗ. ಆಗಲೂ ಕಣ್ಣನ್ನು ನೇರ ಮಾಡಬಹುದು, ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಆದರೆ ಬಾಲ್ಯದಲ್ಲಿ ಕಳೆದ ದೃಷ್ಟಿ ಪೂರ್ತಿ ಮರಳುವುದು ಕಷ್ಟ.

ಹಾಗೆಂದು ಎಲ್ಲ ಮಕ್ಕಳಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಮೊದಲು ಕನ್ನಡಕದ ಪರೀಕ್ಷೆ. ಮಂದದೃಷ್ಟಿಯಿದ್ದರೆ ಚೆನ್ನಾಗಿ ಕಾಣುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಮತ್ತೊಂದಕ್ಕೆ ಕೆಲಸ ಕೊಡುತ್ತಾರೆ. ಕಣ್ಣು ಅಪರೂಪಕ್ಕೆ ಮಾತ್ರ ಸರಿಯುತ್ತಿದ್ದರೆ ಕೆಲವು ತಿಂಗಳಿಗೊಮ್ಮೆ ನೋಡುತ್ತ ಹೋಗಬಹುದು. ದಿನದ ಬಹುಪಾಲು ಸರಿದೇ ಇದ್ದರೆ ಅಥವಾ ಬರಬರುತ್ತ ಹೆಚ್ಚಾಗುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು.

ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ಮತ್ತೆ ಕೂಡಿಸುತ್ತಾರೆಂಬ ಭಯ ಹಲವರಿಗಿದೆ. ಅದು ಸುಳ್ಳು. ಕಣ್ಣನ್ನು ಹೊರಕ್ಕೆಳೆಯುವ ಸ್ನಾಯುವನ್ನು ಬಿಡಿಸಿ ಕೆಲವೇ ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ, ಅದರ ಎಳೆತ ಸಡಿಲವಾಗುತ್ತದೆ. ಕೆಲವೊಮ್ಮೆ ಒಳಗಿನ ಸ್ನಾಯುವನ್ನು ಕತ್ತರಿಸಿ ಗಿಡ್ಡ ಮಾಡಿ ಬಿಗಿಗೊಳಿಸುವುದೂ ಇದೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹೊಲಿಗೆ ತಾನೇ ಕರಗುತ್ತದೆ. ಕೆಲವು ವಾರ ಕಣ್ಣು ಕೆಂಪಗಿರುತ್ತದೆ, ಕೆಲವು ದಿನ ಒಂದು ಎರಡಾಗಿ ಕಾಣಬಹುದು. ಮೊದಲೇ ಕನ್ನಡಕವಿದ್ದರೆ ಅದು ಮುಂದುವರಿಯುತ್ತದೆ.

ಒಂದು ಮಾತನ್ನು ವೈದ್ಯರ ಬಳಿ ಮೊದಲೇ ಕೇಳಿಕೊಳ್ಳಿ: ಕಣ್ಣು ಮತ್ತೆ ಹೊರಕ್ಕೆ ಸರಿದರೆ? ಇದು ಅಪರೂಪವಲ್ಲ, ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದು ವೈದ್ಯರ ತಪ್ಪೆಂದೇ ತಿಳಿಯಬೇಕಿಲ್ಲ. ಆದ್ದರಿಂದ ಕಣ್ಣು ನೇರವಾಯಿತೆಂದು ಮರುತಪಾಸಣೆ ಬಿಡಬೇಡಿ.

ಮೊದಲ ಪರೀಕ್ಷೆಗೆ ತುಮಕೂರಿನ ಜಿಲ್ಲಾ ಆಸ್ಪತ್ರೆ ಸಾಕು. ಮುಂದಿನದಕ್ಕೆ ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆಯಿದೆ. ಕುಣಿಗಲ್‌ನವರಿಗೆ ನೇರ ಬಸ್ಸು, ಗುಬ್ಬಿಯವರಿಗೆ ರೈಲು. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಅಲ್ಲೇ ವಿಚಾರಿಸಿ. ಹೋಗುವಾಗ ಜಾತ್ರೆಯಲ್ಲೋ ಮದುವೆಯಲ್ಲೋ ತೆಗೆದ, ಕಣ್ಣು ಸರಿದಿರುವ ಫೋಟೊ ಇದ್ದರೆ ಒಯ್ಯಿರಿ. ವೈದ್ಯರೆದುರು ಮಕ್ಕಳ ಕಣ್ಣು ಎಷ್ಟೋ ಸಲ ನೆಟ್ಟಗೇ ಇರುತ್ತದೆ!

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯಬಾರದು. ಮೆಳ್ಳೆಗಣ್ಣಿನ ಮಗುವಿನ ಕಣ್ಣಪಾಪೆ ಬೆಳ್ಳಗೆ ಹೊಳೆದರೆ ಅದು ಕಣ್ಣಿನೊಳಗಿನ ಕ್ಯಾನ್ಸರ್ ಗಡ್ಡೆ ಇರಬಹುದು. ದೊಡ್ಡವರಲ್ಲಿ ರೆಪ್ಪೆ ಜೋತು ಕಣ್ಣು ಇದ್ದಕ್ಕಿದ್ದಂತೆ ಹೊರಕ್ಕೆ ತಿರುಗಿದರೆ ಸಕ್ಕರೆ ಕಾಯಿಲೆಯೋ ಮೆದುಳಿನ ರಕ್ತನಾಳದ ತೊಂದರೆಯೋ ಕಾರಣವಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.